‘ಏನೋ ತಪ್ಪಾಗಿದೆ’ ಎಂದರೆ ಸಾಲದು

ಪರೀಕ್ಷೆಗೋ ಸ್ಕಾಲರ್‌ಶಿಪ್‌ಗೋ ಆನ್‌ಲೈನ್ ಅರ್ಜಿ ಹಾಕಿದವರಿಗೆಲ್ಲ ‘ಸಮ್‌ಥಿಂಗ್ ವೆಂಟ್ ರಾಂಗ್’ ಎಂಬ ಸಾಲು ಚಿರಪರಿಚಿತ. ಏನು ತಪ್ಪಾಯಿತು, ಯಾರಿಂದಾಯಿತು, ಮುಂದೇನು ಮಾಡಬೇಕು, ಒಂದೂ ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲಿ ಮೂರು ವರ್ಷದಿಂದ ವೆಬ್ ಅಪ್ಲಿಕೇಷನ್‌ಗಳಿಗೆ ಕೋಡ್ ಬರೆಯುತ್ತಿರುವ ನಾನು ಧೈರ್ಯವಾಗಿ ಹೇಳಬಲ್ಲೆ: ಆ ಸಾಲಿನ ಹಿಂದೆ ಬಹಳಷ್ಟು ಸಲ ಇರುವುದು ನಮ್ಮಂಥ ಪ್ರೋಗ್ರಾಮರ್‌ಗಳ ಅಸಡ್ಡೆ.

ದೋಷವೇ ಬರದ ಸಾಫ್ಟ್‌ವೇರ್ ಇಲ್ಲ. ನೆಟ್‌ವರ್ಕ್ ಕಡಿದು ಹೋಗುತ್ತದೆ, ಡೇಟಾಬೇಸ್ ಉತ್ತರ ಕೊಡುವುದಿಲ್ಲ, ಫೋಟೊ ಹಾಕಬೇಕಾದಲ್ಲಿ ಯಾರೋ ಪಿಡಿಎಫ್ ಹಾಕುತ್ತಾರೆ. ಇಂಥ ಸಂದರ್ಭಗಳನ್ನು ನಾವು ‘ಎಕ್ಸೆಪ್ಷನ್’ ಎನ್ನುತ್ತೇವೆ. ಅವನ್ನು ಹಿಡಿಯಲು ಹೆಚ್ಚಿನ ಭಾಷೆಗಳಲ್ಲಿ ‘ಟ್ರೈ–ಕ್ಯಾಚ್’ ಎಂಬ ವ್ಯವಸ್ಥೆ ಇದೆ. ಆದರೆ ಎಷ್ಟೋ ಕಡೆ ಕ್ಯಾಚ್ ಭಾಗ ಖಾಲಿ ಇರುತ್ತದೆ. ದೋಷ ಸಿಕ್ಕಿಬಿದ್ದರೂ ಯಾರಿಗೂ ಸುದ್ದಿ ಮುಟ್ಟುವುದಿಲ್ಲ. ಅದು ಬೂದಿ ಮುಚ್ಚಿದ ಕೆಂಡ.

ಸರ್ವರ್ ಮತ್ತು ಬ್ರೌಸರ್ ನಡುವೆ ಇದಕ್ಕೊಂದು ಸಂಕೇತ ಭಾಷೆಯೇ ಇದೆ. 4ರಿಂದ ಶುರುವಾಗುವ ಸಂಖ್ಯೆ ಬಂದರೆ ಕೋರಿಕೆಯಲ್ಲಿ ದೋಷ, 5ರಿಂದ ಶುರುವಾದರೆ ಸರ್ವರ್ ಕಡೆ ದೋಷ. 404 ಎಂದರೆ ಕೇಳಿದ್ದು ಸಿಗಲಿಲ್ಲ, 503 ಎಂದರೆ ಸೇವೆ ಸದ್ಯಕ್ಕೆ ಲಭ್ಯವಿಲ್ಲ. ಜಾವಾಸ್ಕ್ರಿಪ್ಟ್‌ನ ‘ಫೆಚ್’ ಬಳಸುವ ಹೊಸಬರು ಒಂದು ಮಾತು ನೆನಪಿಡಬೇಕು. ಸರ್ವರ್ 500 ಎಂದು ಉತ್ತರಿಸಿದರೂ ಫೆಚ್ ಅದನ್ನು ವೈಫಲ್ಯ ಎಂದು ಎಣಿಸುವುದಿಲ್ಲ. ಉತ್ತರ ಸರಿಯಿದೆಯೇ ಎಂದು ನಾವೇ ನೋಡಬೇಕು. ನೋಡದಿದ್ದರೆ ಸೇರದ ಅರ್ಜಿಗೂ ‘ಅರ್ಜಿ ಸಲ್ಲಿಕೆಯಾಗಿದೆ’ ಎಂಬ ಹಸಿರು ಗುರುತು ಬೀಳಬಹುದು.

ಹಣದ ವಿಷಯ ಬಂದಾಗ ಇದು ಇನ್ನೂ ಗಂಭೀರ. ನನ್ನ ಚಿಕ್ಕಪ್ಪನ ಮಗಳು ತಾಲ್ಲೂಕು ಕೇಂದ್ರದ ಸೈಬರ್ ಸೆಂಟರ್‌ನಲ್ಲಿ ಕೂತು ಅರ್ಜಿ ಶುಲ್ಕ ಕಟ್ಟಿದಳು. ಖಾತೆಯಿಂದ ಹಣ ಹೋಯಿತು, ಪರದೆ ಬಿಳಿಯಾಯಿತು. ಮರುದಿನವೇ ಕೊನೆಯ ದಿನಾಂಕವಾದ್ದರಿಂದ ಹೆದರಿ ಮತ್ತೊಮ್ಮೆ ಕಟ್ಟಿದಳು. ರಿಸರ್ವ್ ಬ್ಯಾಂಕ್ 2019ರಲ್ಲಿ ಮಾಡಿದ ನಿಯಮದಂತೆ, ಯುಪಿಐನಲ್ಲಿ ವ್ಯಾಪಾರಿಗೆ ಮಾಡಿದ ಪಾವತಿ ಖಚಿತವಾಗದಿದ್ದರೆ 5 ದಿನಗಳೊಳಗೆ ಹಣ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ನಿಯಮ ಒಳ್ಳೆಯದೇ. ಆದರೆ ಕೊನೆಯ ದಿನಾಂಕ 5 ದಿನ ಕಾಯುತ್ತದೆಯೇ? ಪ್ರತಿ ಪಾವತಿ ಯತ್ನಕ್ಕೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯ ಕೋರಿಕೆ ಮತ್ತೆ ಬಂದರೆ ಎರಡನೇ ಸಲ ಹಣ ಕಡಿತವಾಗದಂತೆ ಕೋಡ್ ಬರೆಯಲು ಸಾಧ್ಯವಿದೆ. ಅದು ಹೊಸ ವಿದ್ಯೆಯೇನಲ್ಲ.

‘ಎಲ್ಲ ವಿವರ ತೋರಿಸಿದರೆ ಹ್ಯಾಕರ್‌ಗಳಿಗೆ ಅನುಕೂಲ’ ಎಂದು ಹಿರಿಯ ಸಹೋದ್ಯೋಗಿಗಳು ಹೇಳುವುದುಂಟು. ಒಪ್ಪುತ್ತೇನೆ. ಫೈಲಿನ ಹೆಸರು, ಡೇಟಾಬೇಸ್ ಪ್ರಶ್ನೆ, ಕೋಡ್‌ನ ಸಾಲು ಸಂಖ್ಯೆ ಇವೆಲ್ಲ ಪರದೆಗೆ ಬರಲೇಬಾರದು. ಅವೆಲ್ಲ ನಮ್ಮ ಲಾಗ್‌ನಲ್ಲಿ ದಾಖಲಾಗಲಿ. ಬಳಕೆದಾರರಿಗೆ ಬೇಕಿರುವುದು ಇಷ್ಟೇ: ‘ನಿಮ್ಮ ಪಾವತಿ ಇನ್ನೂ ಖಚಿತವಾಗಿಲ್ಲ. ಮತ್ತೆ ಕಟ್ಟಬೇಡಿ. ಅರ್ಧ ಗಂಟೆ ಬಿಟ್ಟು ಅರ್ಜಿಯ ಸ್ಥಿತಿ ನೋಡಿ. ಸಹಾಯಕ್ಕೆ ಕರೆ ಮಾಡಿದಾಗ ಈ ಸಂಖ್ಯೆ ಹೇಳಿ.’ ಅದೂ ಕನ್ನಡದಲ್ಲಿ. ಅರ್ಜಿ ನಮೂನೆಯನ್ನು ಕನ್ನಡದಲ್ಲಿ ಕೊಟ್ಟು, ಕಷ್ಟ ಬಂದಾಗ ಮಾತ್ರ ಇಂಗ್ಲಿಷ್‌ನಲ್ಲಿ ಮಾತಾಡುವುದು ಯಾವ ನ್ಯಾಯ?

ದೋಷವನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಬಾಹ್ಯಾಕಾಶದಲ್ಲೇ ಉದಾಹರಣೆ ಇದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್–5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡುಗಳಲ್ಲೇ ನಾಶವಾಯಿತು. 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ಗೆ ಇಳಿಸುವಾಗ ಅದು ಹಿಡಿಸಲಿಲ್ಲ. ಆಗ ಎದ್ದ ಎಕ್ಸೆಪ್ಷನ್ ಅನ್ನು ನಿಭಾಯಿಸುವ ಕೋಡ್ ಅಲ್ಲಿರಲಿಲ್ಲ. ಅಷ್ಟು ದೊಡ್ಡ ತಜ್ಞರ ತಂಡಕ್ಕೇ ಹೀಗಾದರೆ, ಡೆಡ್‌ಲೈನ್ ಒತ್ತಡದಲ್ಲಿ ಬರೆಯುವ ನಾವು ಇನ್ನೆಷ್ಟು ಎಚ್ಚರದಿಂದಿರಬೇಕು?

ಈ ಎಚ್ಚರ ಕಾಲೇಜಿನಿಂದಲೇ ಶುರುವಾಗಬೇಕು. ಲ್ಯಾಬ್‌ನಲ್ಲಿ ಔಟ್‌ಪುಟ್ ಸರಿ ಬಂದರೆ ಪೂರ್ತಿ ಅಂಕ, ತಪ್ಪು ಇನ್‌ಪುಟ್ ಕೊಟ್ಟು ನೋಡುವವರು ಕಡಿಮೆ. ಪ್ರಾಜೆಕ್ಟ್ ವೈವಾದ ಮಧ್ಯೆ ಅಧ್ಯಾಪಕರು ಒಮ್ಮೆ ನೆಟ್ ಕೇಬಲ್ ಕಿತ್ತು ‘ಈಗ ತೋರಿಸಿ’ ಎನ್ನಲಿ. ಆಗ ಪರದೆಯ ಮೇಲೆ ಏನು ಬರುತ್ತದೋ ಅದಕ್ಕೂ ಅಂಕ ಇರಲಿ. ನಾಳೆ ನಮ್ಮ ಕೋಡ್ ಬಳಸುವವರು ಕೂಲಿ ಬಿಟ್ಟು ಮಗಳ ಅರ್ಜಿ ತುಂಬಿಸಲು ಬಸ್ ಹತ್ತಿ ಬಂದವರಾಗಿರಬಹುದು. ಅವರ ಆ ದಿನ ವ್ಯರ್ಥವಾಗದಂತೆ ನೋಡಿಕೊಳ್ಳುವುದೂ ನಮ್ಮ ಕೆಲಸವೇ.