ಪತ್ತೆಯಾದವರಿಗೆ ಮುಂದೇನು?

2023ರ ಜುಲೈ 1ರಂದು ಮಧ್ಯಪ್ರದೇಶದ ಶಾಹ್‌ಡೋಲ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ರಾಷ್ಟ್ರೀಯ ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನಾ ಅಭಿಯಾನಕ್ಕೆ ಚಾಲನೆ ನೀಡಿದರು. 40 ವರ್ಷದೊಳಗಿನ 7 ಕೋಟಿ ಮಂದಿಯನ್ನು ತಪಾಸಣೆಗೊಳಪಡಿಸುವುದು ಹಾಗೂ 2047ರೊಳಗೆ ರೋಗವನ್ನು ನಿರ್ಮೂಲನಗೊಳಿಸುವುದು ಅದರ ಘೋಷಿತ ಗುರಿ. 2025ರ ಜುಲೈ ಕೊನೆಯ ವೇಳೆಗೆ 6 ಕೋಟಿಗೂ ಅಧಿಕ ಮಂದಿಯ ತಪಾಸಣೆ ನಡೆದು, 2 ಲಕ್ಷಕ್ಕೂ ಅಧಿಕ ರೋಗಿಗಳು ಪತ್ತೆಯಾದರು. ಕಾಡಂಚಿನ ಹಾಡಿಗಳಿಗೆ ಆರೋಗ್ಯ ಇಲಾಖೆಯೇ ನಡೆದು ಹೋದುದು ಸ್ವಾಗತಾರ್ಹ. ಆದರೆ ಪತ್ತೆಯಾದವರಿಗೆ ಮುಂದೇನು?

ಇದು ಸೋಂಕಿನಿಂದ ಹರಡುವ ರೋಗವಲ್ಲ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ಈ ರೋಗ ಬರುವ ಸಾಧ್ಯತೆ ಶೇ. 25. ಸುಮಾರು 120 ದಿನ ಬಾಳಬೇಕಾದ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಕೆಲವೇ ವಾರಗಳಲ್ಲಿ ಸಾಯುತ್ತವೆ. ಬಾಗಿದ ಕಣಗಳು ಕಿರಿದಾದ ರಕ್ತನಾಳಗಳಲ್ಲಿ ಸಿಲುಕಿದಾಗ ಮೂಳೆಯನ್ನೇ ಮುರಿದಂಥ ನೋವು ಎರಗುತ್ತದೆ. ಶ್ವಾಸಕೋಶ, ಮೂತ್ರಪಿಂಡ, ಮೆದುಳು ಯಾವುದೂ ಸುರಕ್ಷಿತವಲ್ಲ.

ಔಷಧವಿಲ್ಲವೆಂದು ಕೈಚೆಲ್ಲುವಂತಿಲ್ಲ. ಎಳೆಯ ಮಕ್ಕಳಿಗೆ ನಿತ್ಯ ಕೊಡುವ ಪೆನಿಸಿಲಿನ್, ಮಾರಕ ನ್ಯುಮೋಕಾಕಸ್ ಸೋಂಕನ್ನು ಶೇ. 84ರಷ್ಟು ತಗ್ಗಿಸುತ್ತದೆಂದು 1986ರಲ್ಲೇ ಸಾಬೀತಾಗಿದೆ. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ನೋವಿನ ದಾಳಿಗಳನ್ನು ಬಹುತೇಕ ಅರ್ಧಕ್ಕಿಳಿಸುತ್ತದೆಂಬುದು 1995ರಿಂದಲೂ ತಿಳಿದಿದೆ. 2023ರಲ್ಲಿ ಬ್ರಿಟನ್ ಮತ್ತು ಅಮೇರಿಕಗಳು ಮಾನ್ಯ ಮಾಡಿದ ವಂಶವಾಹಿ ಚಿಕಿತ್ಸೆಗೆ ಅಮೇರಿಕದಲ್ಲಿ 22 ಲಕ್ಷ ಡಾಲರ್ ಬೆಲೆ. ಅದು ನಮ್ಮ ಬಡವರಿಗೆ ಎಟುಕದಿರಬಹುದು. ಆದರೆ ಪೆನಿಸಿಲಿನ್, ಲಸಿಕೆ, ಹೈಡ್ರಾಕ್ಸಿಯೂರಿಯಾಗಳೂ ಎಟುಕದಿದ್ದರೆ ಅದಕ್ಕೆ ಬಡತನವನ್ನಷ್ಟೇ ಹೊಣೆಯಾಗಿಸಲಾದೀತೇ?

ನಿಜವಾದ ಪರೀಕ್ಷೆ ನಡೆಯುವುದು ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ. ಮೈಮೇಲೆ ಗಾಯವಿಲ್ಲ, ರಕ್ತ ಸುರಿಯುತ್ತಿಲ್ಲ, ಆದರೂ ರೋಗಿ ಚೀರುತ್ತಿದ್ದಾನೆ. ಇಂಥವನನ್ನು ನಂಬುವವರಾರು? ಆಸ್ಪತ್ರೆಗೆ ಬಂದ 30 ನಿಮಿಷಗಳೊಳಗೆ ನೋವು ನಿವಾರಕ ಕೊಡಬೇಕೆಂದು ಬ್ರಿಟನ್ನಿನ ಮಾರ್ಗಸೂಚಿ 2012ರಲ್ಲೇ ಹೇಳಿತ್ತು. ಹಾಗಿದ್ದೂ, ಅಲ್ಲಿನ ಸಂಸದರ ಸರ್ವಪಕ್ಷ ಗುಂಪೊಂದು 2021ರಲ್ಲಿ ಪ್ರಕಟಿಸಿದ ವರದಿಯು, ಸಿಬ್ಬಂದಿಗೆ ಈ ರೋಗದ ಅರಿವು ಸಾಲದೆಂದೂ ರೋಗಿಗಳು ಅವಗಣನೆ ಹಾಗೂ ವರ್ಣಭೇದಕ್ಕೆ ಗುರಿಯಾಗುತ್ತಿದ್ದಾರೆಂದೂ ಬಯಲುಗೊಳಿಸಿತು. ಶ್ರೀಮಂತ ದೇಶದ ಕರಿಯರ ಪಾಡೇ ಹೀಗಾದರೆ, ನಮ್ಮ ಆದಿವಾಸಿಯ ದನಿಗೆ ಕಿವಿಗೊಡುವವರು ಯಾರು?

ಭಾರತದಲ್ಲಿ ಈ ರೋಗ ಮೊದಲು ದಾಖಲಾದುದು 1952ರಲ್ಲಿ, ನಮ್ಮ ಗಡಿಯಾಚೆಯ ನೀಲಗಿರಿಯಲ್ಲಿ. ಅಭಿಯಾನದ 17 ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಚಾಮರಾಜನಗರ, ಮೈಸೂರು, ಕೊಡಗಿನ ಆದಿವಾಸಿಗಳಿಗೆ ದೂರದ ಬೆಂಗಳೂರಿನ ತಜ್ಞರಷ್ಟೇ ಸಾಲದು. ಜಿಲ್ಲಾಸ್ಪತ್ರೆಯಲ್ಲಿ ತರಬೇತಿ ಪಡೆದ ವೈದ್ಯರು ಮತ್ತು ದಾದಿಯರಿರುವ ಪ್ರತ್ಯೇಕ ಘಟಕ, ಹೊಂದಾಣಿಕೆಯಾಗುವ ರಕ್ತ, ಮಕ್ಕಳ ಮೆದುಳಿನ ರಕ್ತ ಸಂಚಾರ ಅಳೆಯುವ ಡಾಪ್ಲರ್ ಪರೀಕ್ಷೆ, ಗರ್ಭಿಣಿಯರ ಮೇಲೆ ವಿಶೇಷ ನಿಗಾ ಇವೆಲ್ಲವೂ ಬೇಕು. ತೀವ್ರ ನೋವಿಗೆ ಮಾರ್ಫಿನ್ ಸುಲಭವಾಗಿ ದೊರೆಯಲೆಂದು 2014ರಲ್ಲಿ ಮಾದಕ ದ್ರವ್ಯ ಕಾನೂನನ್ನು ತಿದ್ದಲಾಗಿದೆ. ಆ ತಿದ್ದುಪಡಿಯ ಫಲ ತಾಲೂಕು ಆಸ್ಪತ್ರೆಯ ಹಾಸಿಗೆಗೂ ತಲುಪಬೇಡವೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಈ ರೋಗವನ್ನು ವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಆದ್ದರಿಂದ ರೋಗಿ ಕೇಳುತ್ತಿರುವುದು ದಯೆಯನ್ನಲ್ಲ, ಹಕ್ಕನ್ನು.

ಸಮಾಜಕ್ಕೂ ಇಲ್ಲಿ ಹೊಣೆಯಿದೆ. ರಕ್ತದಾನ ಶಿಬಿರ ನಡೆಸುವ ಸಂಘಟನೆಗಳು ಈ ರೋಗಿಗಳನ್ನೂ ನೆನೆಯಬೇಕು. ವಾಹಕಳೆಂಬ ಒಂದೇ ಕಾರಣಕ್ಕೆ ಯಾವ ಹೆಣ್ಣುಮಗಳ ಮದುವೆಯೂ ಮುರಿಯಬಾರದು; ವಾಹಕರು ರೋಗಿಗಳಲ್ಲ.

ಎಷ್ಟು ಮಂದಿಯ ಕೈಗೆ ತಪಾಸಣೆಯ ಕಾರ್ಡು ಬಂತೆಂಬ ಲೆಕ್ಕವನ್ನು ಸರಕಾರ ಪ್ರಕಟಿಸುತ್ತಲೇ ಇದೆ. ಆ ಕಾರ್ಡು ಹಿಡಿದು ಆಸ್ಪತ್ರೆಗೆ ಬಂದ ಎಷ್ಟು ಮಂದಿಗೆ ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿತೆಂಬ ಲೆಕ್ಕವನ್ನೂ ಅದು ಜನರ ಮುಂದಿಡಬೇಕೆಂದು ನಾವು ಆಗ್ರಹಿಸುತ್ತೇವೆ.