ಖಳನೊಬ್ಬನೇ ಅಪರಾಧಿಯೇ?

ನಿಶ್ಚಯವಾದ ಸಂಬಂಧ ಮುರಿದಾಗ, ಬಸದಿಯ ಟ್ರಸ್ಟಿನಲ್ಲಿ ಒಡಕು ಹುಟ್ಟಿದಾಗ ನಾವು ಆಡುವ ಮಾತು ಒಂದೇ: “ಯಾರೋ ದುಷ್ಟರು ಕಿವಿ ಊದಿದರು.” ಈ ಸಮಾಧಾನವು ಆತ್ಮವಂಚನೆಯೆಂಬುದೇ ನನ್ನ ವಾದ.

1600ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ‘ಮಚ್ ಅಡೂ ಅಬೌಟ್ ನಥಿಂಗ್’ ಒಂದು ವಿನೋದ ನಾಟಕ. ಅದರ ಖಳ ಡಾನ್ ಜಾನ್. ಅಣ್ಣನ ವಿರುದ್ಧ ನಿಂತು ಸೋತವನು. ದೊರೆತ ಕ್ಷಮೆಯನ್ನೇ ಅಪಮಾನವೆಂದೆಣಿಸಿ ಒಳಗೇ ಕುದಿಯುವವನು. ತನ್ನ ಸೋಲಿನಿಂದ ಕೀರ್ತಿ ಪಡೆದ ಕ್ಲಾಡಿಯೋನ ವಿವಾಹವನ್ನು ಕೆಡಿಸಲು ಅವನು ಸಂಚು ಹೂಡುತ್ತಾನೆ. ರಾತ್ರಿ ಕಿಟಕಿಯಲ್ಲಿ ಪರಪುರುಷನೊಡನೆ ಮಾತಾಡುವ ದಾಸಿಯನ್ನು ದೂರದಿಂದ ತೋರಿಸಿ, ಅವಳೇ ವಧು ಎಂದು ನಂಬಿಸುತ್ತಾನೆ. ವರನು ವಿಚಾರಿಸದೆ, ವಿವಾಹದ ವೇಳೆಯಲ್ಲೇ, ಎಲ್ಲರೆದುರು ಕನ್ಯೆಯನ್ನು ಹಳಿಯುತ್ತಾನೆ. ಹೆತ್ತ ತಂದೆಯೂ ನಂಬಿ ಮಗಳ ಸಾವನ್ನು ಬಯಸುತ್ತಾನೆ! ಸತ್ಯ ಹೊರಬಿದ್ದದ್ದು ಬೀದಿಯ ಕಾವಲುಗಾರರಿಂದ, ಅದೂ ಆಕಸ್ಮಿಕವಾಗಿ.

ಬೀಜ ಬಿತ್ತಿದವನು ಒಬ್ಬ. ನೆಲ ಕೊಟ್ಟವರು ಹಲವರು. ಚೆಕ್ಕಿನ ಸಹಿಯನ್ನು ಎರಡು ಸಲ ಪರೀಕ್ಷಿಸುವ ವ್ಯಾಪಾರಿಗಳಾದ ನಾವು, ಹೆಣ್ಣುಮಗಳ ಶೀಲದ ಮೇಲಿನ ಮಾತನ್ನು ಮಾತ್ರ ಪರೀಕ್ಷೆಯಿಲ್ಲದೆ ಜಮಾ ಮಾಡಿಕೊಳ್ಳುತ್ತೇವೆ. ಸ್ತ್ರೀಪುರುಷರ ಗುಟ್ಟನ್ನು ಬಯಲಿಗೆಳೆಯುವ ರಹೋಭ್ಯಾಖ್ಯಾನವನ್ನು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ನಿಜವಾದ ಗುಟ್ಟನ್ನೇ ಆಡಬಾರದೆಂದ ಮೇಲೆ, ಸುಳ್ಳನ್ನು ಮನೆಮನೆಗೆ ಹೊತ್ತು ತಿರುಗುವ ಶ್ರಾವಕನಿಗೆ ಯಾವ ಸಮರ್ಥನೆಯಿದೆ?

ಇನ್ನು ಖಳನ ಗತಿ. ಓಡಿಹೋದವನು ಸೆರೆ ಸಿಕ್ಕ ಸುದ್ದಿ ಬಂದಾಗ, ದಂಡನೆಯ ವಿಚಾರ ನಾಳೆಗಿರಲಿ ಎಂದು ಎಲ್ಲರೂ ಕುಣಿಯತೊಡಗುತ್ತಾರೆ. ನಾಟಕ ಮುಗಿಯುತ್ತದೆ, ದ್ವೇಷ ಮುಗಿಯುವುದಿಲ್ಲ.

ನಮ್ಮ ಚಿತ್ತಾಪುರಕ್ಕೆ ನೆರೆಯ ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರ ‘ಪಾರ್ಶ್ವಾಭ್ಯುದಯ’ದಲ್ಲಿಯೂ ಇಂತಹ ವೈರಿಯೊಬ್ಬನಿದ್ದಾನೆ. ಅವನೇ ಕಮಠ. ಪೂರ್ವಭವದಲ್ಲಿ, ಕ್ಷಮೆ ಬೇಡಲು ಬಂದ ತಮ್ಮ ಮರುಭೂತಿಯನ್ನು ಕಲ್ಲಿನಿಂದ ಕೊಂದವನು. ಭವಭವಗಳಲ್ಲಿ ವೈರ ಸಾಧಿಸಿ, ಕೊನೆಗೆ ಶಂಬರನಾಗಿ ಪಾರ್ಶ್ವನಾಥಸ್ವಾಮಿಗೆ ಉಪಸರ್ಗವೆಸಗಿದವನು. ಸ್ವಾಮಿಯು ಕೆರಳಲಿಲ್ಲ. ವೈರಿಯೇ ಪಶ್ಚಾತ್ತಾಪದಿಂದ ಶರಣಾದನು. ನಮ್ಮ ಆಚಾರ್ಯರು ಖಳನನ್ನು ಬಾಗಿಲಾಚೆ ಬಿಟ್ಟು ಕಥೆ ಮುಗಿಸಲಿಲ್ಲ.

ಹಾಗಾದರೆ ದುಷ್ಟನನ್ನು ಪ್ರಶ್ನಿಸಬಾರದೇ ಎಂದು ಕೆಲವರು ಕೇಳಬಹುದು. ಅವಶ್ಯ ಪ್ರಶ್ನಿಸಿರಿ, ಸುಳ್ಳಿನ ಲೆಕ್ಕ ಕೇಳಿರಿ. ಆದರೆ ಅದನ್ನು ನಂಬಿದವರ ಲೆಕ್ಕವೂ ಅದೇ ಪುಟದಲ್ಲಿರಲಿ. ಕ್ಷಮಾವಾಣಿಯ ದಿನ ಬಸದಿಯಲ್ಲಿ ಎಲ್ಲರಿಗೂ ಕೈಮುಗಿಯುವುದು ಸುಲಭ. ಯಾರ ಮೇಲಿನ ಅಪವಾದವನ್ನು ವಿಚಾರಿಸದೆ ನಂಬಿದೆವೋ, ಅವರ ಮನೆಯ ಮೆಟ್ಟಿಲನ್ನು ಮೊದಲು ಹತ್ತೋಣ. ಮುನಿದು ದೂರ ನಿಂತವನ ಬಾಗಿಲನ್ನು ಅನಂತರ ತಟ್ಟೋಣ.