ಆರ್ಡರ್ ಮುಟ್ಟಿತೆಂದು ಯಾರು ಹೇಳಬೇಕು?

ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2025ರ ಜೂನ್‌ನಲ್ಲಿ ಪ್ರಧಾನಿಯವರ ‘ಮನ್ ಕೀ ಬಾತ್’ನಲ್ಲಿ ಕಲಬುರಗಿ ರೊಟ್ಟಿಯ ಹೆಸರು ಕೇಳಿಬಂತು. ಇದೇ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿಯ ಬೇಳೆ-ರೊಟ್ಟಿಯನ್ನೋ ಶಹಾಬಾದಿನ ಫರಸಿ ಕಲ್ಲನ್ನೋ ಸ್ವಂತ ಜಾಲತಾಣದಲ್ಲಿ ಮಾರಹೊರಟವರಿಗೆ ಮೊದಲೇ ಎದುರಾಗುವ ಪ್ರಶ್ನೆಯೊಂದಿದೆ. ಆರ್ಡರ್ ಬಿದ್ದ ಕೂಡಲೇ ಗಿರಾಕಿಗೆ ತಂತ್ರಾಂಶ ತಾನಾಗಿ ಮೇಲ್ ಕಳಿಸಲಿ ಎಂದು ಬಿಡಬೇಕೇ, ಅಥವಾ ಅಂಗಡಿಯವರೇ ಫೋನ್ ಮಾಡಿ ಹೇಳಬೇಕೇ? ಎರಡೂ ಕಡೆ ವ್ಯಾಪಾರದ ಅನುಭವವಿರುವ ಪ್ರಾಮಾಣಿಕರೇ ಇದ್ದಾರೆ.

ತಾನಾಗಿ ಹೋಗುವ ಮೇಲ್‌ನ ಪರ ಇರುವವರ ಮೊದಲ ಮಾತು ಹಣದ್ದು. ಪುಣೆಯಲ್ಲೋ ಹೈದರಾಬಾದಿನಲ್ಲೋ ಕುಳಿತು, ನೋಡಿರದ ಅಂಗಡಿಗೆ ಮುಂಗಡ ಹಣ ಹಾಕಿದವರಿಗೆ ಮುಂದಿನ ಕೆಲವು ನಿಮಿಷ ಆತಂಕದವು. ಆರ್ಡರ್ ಸಂಖ್ಯೆ, ತೂಕ, ಮೊತ್ತ, ವಿಳಾಸ ಬರಹದಲ್ಲಿ ಕೈಸೇರಿದರೆ ನಾಳೆ ತಕರಾರು ಬಂದಾಗ ಇಬ್ಬರಿಗೂ ಅದೇ ಆಧಾರ. ಕಾನೂನೂ ಇದಕ್ಕೆ ಅಡ್ಡಿಯಲ್ಲ: ಇಂಥದೇ ರೂಪದಲ್ಲಿ ಸ್ವೀಕೃತಿ ಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರದಿದ್ದರೆ, ಯಂತ್ರ ಕಳಿಸಿದ ಸ್ವೀಕೃತಿಯನ್ನೂ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 12ನೇ ಸೆಕ್ಷನ್ ಮಾನ್ಯ ಮಾಡುತ್ತದೆ. ಇನ್ನು ಎಳ್ಳ ಅಮಾವಾಸ್ಯೆಯ ದಿನವನ್ನು ನೆನೆಸಿಕೊಳ್ಳಿ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿರುವಾಗ ರೊಟ್ಟಿ ಮಾರುವ ಮಹಿಳಾ ಸಂಘದ ಫೋನ್ ಎತ್ತುವವರು ಯಾರು? ಆರ್ಡರ್ ಮಾತ್ರ ಬೀಳುತ್ತಲೇ ಇರುತ್ತದೆ.

ಎದುರು ಪಕ್ಷದ ವಾದವೂ ಅಷ್ಟೇ ತೂಕದ್ದು. ಯಂತ್ರಕ್ಕೆ ಆರ್ಡರ್ ಗೊತ್ತೇ ಹೊರತು ಸರಕು ಗೊತ್ತಿಲ್ಲ. ಶಹಾಬಾದ್ ಕಲ್ಲನ್ನೇ ತೆಗೆದುಕೊಳ್ಳೋಣ. ಅದು ಪದರು ಪದರಾಗಿ ಏಳುವ ಸುಣ್ಣಕಲ್ಲು. ಒಂದು ಪದರಿನ ಬಣ್ಣ, ದಪ್ಪ ಇನ್ನೊಂದಕ್ಕೆ ಹೊಂದಿಯೇ ಹೊಂದುತ್ತದೆ ಎನ್ನುವಂತಿಲ್ಲ. ಐನೂರು ಚದರಡಿ ಬೇಕೆಂದು ಗಿರಾಕಿ ಒತ್ತಿದ ಕ್ಷಣಕ್ಕೆ ‘ನಿಮ್ಮ ಆರ್ಡರ್ ಸಿದ್ಧವಾಗುತ್ತಿದೆ’ ಎಂಬ ಮೇಲ್ ಹೋಗಿಬಿಡುತ್ತದೆ. ಒಂದೇ ಛಾಯೆಯ ಅಷ್ಟು ಕಲ್ಲು ಇದೆಯೇ ಎಂದು ಯಾರೂ ಇನ್ನೂ ನೋಡಿಲ್ಲ. ಗಾರೆಯವನನ್ನು ಗೊತ್ತುಮಾಡಿಕೊಂಡ ಗಿರಾಕಿಗೆ ಮೂರು ದಿನದ ಮೇಲೆ ‘ಕಲ್ಲಿಲ್ಲ’ ಎಂದರೆ, ಆ ಮೇಲ್ ಬಾರದೇ ಇದ್ದಿದ್ದರೆ ಒಳ್ಳೆಯದಿತ್ತು ಎನಿಸೀತು.

ತಂತ್ರಾಂಶದ ಒಳಗನ್ನು ನೋಡಿದರೆ ಈ ಆಕ್ಷೇಪ ಇನ್ನಷ್ಟು ಗಟ್ಟಿಯಾಗುತ್ತದೆ. ಸಣ್ಣ ಅಂಗಡಿಗಳು ಹೆಚ್ಚಾಗಿ ಬಳಸುವ ವೂಕಾಮರ್ಸ್‌ನಲ್ಲಿ ಬ್ಯಾಂಕಿಗೆ ಹಣ ಹಾಕುತ್ತೇನೆಂದವರ ಆರ್ಡರ್ ‘ಆನ್ ಹೋಲ್ಡ್’ ಆಗಿ ನಿಲ್ಲುತ್ತದೆ. ಸರಕು ಬಂದಮೇಲೆ ಹಣ ಕೊಡುತ್ತೇನೆಂದವರದು ಸಾಮಾನ್ಯವಾಗಿ ನೇರ ‘ಪ್ರೊಸೆಸಿಂಗ್’ಗೆ ಹೋಗುತ್ತದೆ. ಪಾರ್ಸೆಲ್ ಕೊರಿಯರ್‌ಗೆ ಕೊಟ್ಟು ಅಂಗಡಿಯವರು ‘ಕಂಪ್ಲೀಟೆಡ್’ ಒತ್ತಿದರೆ ಮತ್ತೊಂದು ಮೇಲ್. ಅಂಗಡಿಯ ಮಟ್ಟಿಗೆ ಕೆಲಸ ಮುಗಿಯಿತು, ನಿಜ. ಆದರೆ ಖಡಕ್ ರೊಟ್ಟಿ ಇನ್ನೂ ದಾರಿಯಲ್ಲಿರುವಾಗ ‘ಪೂರ್ಣಗೊಂಡಿದೆ’ ಎಂದು ಓದಿದ ಗಿರಾಕಿ ಬಾಗಿಲಲ್ಲಿ ಪಾರ್ಸೆಲ್ ಹುಡುಕುತ್ತಾರೆ. ಈ ಗೊಂದಲಕ್ಕೆ ಗಿರಾಕಿಯನ್ನು ದೂರುವುದು ನ್ಯಾಯವಲ್ಲ.

ಇದಕ್ಕೆ ಉತ್ತರವಿಲ್ಲದಿಲ್ಲ. ಆ ಮೇಲ್‌ಗಳ ಶೀರ್ಷಿಕೆಯನ್ನೂ ಒಕ್ಕಣೆಯನ್ನೂ ಬದಲಿಸಬಹುದು, ಬೇಡವಾದದ್ದನ್ನು ನಿಲ್ಲಿಸಲೂಬಹುದು. ತಪ್ಪು ಯಂತ್ರದ್ದಲ್ಲ, ಬಂದದ್ದನ್ನು ಬಂದಂತೆಯೇ ಬಿಟ್ಟವರದು ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಕಳಿಸಿದ ಮೇಲ್ ತಲುಪಲೂ ಬೇಕಲ್ಲ? ಗೂಗಲ್ 2024ರ ಫೆಬ್ರುವರಿಯಿಂದ ಜಿಮೇಲ್‌ಗೆ ಕಳಿಸುವವರು ತಮ್ಮ ಡೊಮೇನಿಗೆ ಎಸ್‌ಪಿಎಫ್ ಅಥವಾ ಡಿಕೆಐಎಂ ದೃಢೀಕರಣ ಮಾಡಿಕೊಂಡಿರಬೇಕೆಂದು ಕಟ್ಟುನಿಟ್ಟು ಮಾಡಿದೆ. ಅದಿಲ್ಲದ ಸಣ್ಣ ಅಂಗಡಿಯ ಮೇಲ್ ಸ್ಪ್ಯಾಮ್‌ಗೆ ಬೀಳಬಹುದು, ವಾಪಸೂ ಬರಬಹುದು. ಎಸ್‌ಎಂಎಸ್ ಕಳಿಸೋಣವೆಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಒಕ್ಕಣೆಯನ್ನು ಮೊದಲೇ ನೋಂದಾಯಿಸಬೇಕು.

ಭಾಷೆಯ ಮಾತೂ ಇದೆ, ನನಗೆ ಇದು ಚಿಕ್ಕದೆನಿಸುವುದಿಲ್ಲ. ಗಿರಾಕಿಗಳಲ್ಲಿ ಇಲ್ಲಿನವರೂ ಇರಬಹುದು. ಸೇಡಂ, ಚಿಂಚೋಳಿ ತೆಲಂಗಾಣದ ಗಡಿಗೆ ಅಂಟಿಕೊಂಡಿವೆ. ಕನ್ನಡದ ಜೊತೆ ತೆಲುಗು, ಉರ್ದು ಮನೆಮಾತಾಗಿರುವ ಊರುಗಳು. ವಾಡಿಯ ಸಿಮೆಂಟ್ ಕಾರ್ಖಾನೆ, ರೈಲ್ವೆ ಜಂಕ್ಷನ್ನು ಬೇರೆ ರಾಜ್ಯದವರನ್ನೂ ಕರೆತಂದಿವೆ. ಇಂಗ್ಲಿಷ್ ಮೇಲ್ ಇವರಲ್ಲಿ ಎಷ್ಟೋ ಜನರಿಗೆ ದೂರದ ಮಾತು. ‘ಅಕ್ಕಾ, ಈ ವಾರ ಹೊಸ ಬ್ಯಾಳಿ ಬಂದಾದ, ಅದೇ ಹಾಕ್ಲೇನ್ರೀ?’ ಎಂದು ಫೋನಿನಲ್ಲಿ ಕೇಳುವವರಿಗೆ ಗಿರಾಕಿ ಕಾಯಂ ಆಗುತ್ತಾರೆ. ಹಾಗೆಂದು ಫೋನನ್ನೇ ನಂಬಿದರೆ ಹೇಳಿದ್ದಕ್ಕೆ ದಾಖಲೆ ಉಳಿಯದು. ಆರ್ಡರ್ ಹೆಚ್ಚಿದಂತೆ ಒಬ್ಬ ಹೆಣ್ಣುಮಗಳ ದಿನವೆಲ್ಲ ಕರೆಗಳಲ್ಲೇ ಕಳೆಯುತ್ತದೆ, ಆ ದುಡಿಮೆಗೆ ಸಂಘದ ಲೆಕ್ಕದಲ್ಲಿ ಜಾಗವೂ ಇರುವುದಿಲ್ಲ.

ಇಷ್ಟನ್ನೂ ತೂಗಿ ನೋಡಿದಾಗ, ಸ್ವೀಕೃತಿಯನ್ನು ಯಂತ್ರಕ್ಕೂ ವಾಯಿದೆಯನ್ನು ಮನುಷ್ಯರಿಗೂ ಬಿಡುವುದು ಬಹುಶಃ ಸರಿಹೋದೀತು. ಮೊದಲ ಮೇಲ್ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ‘ನಿಮ್ಮ ಆರ್ಡರ್ ನಮಗೆ ಮುಟ್ಟಿದೆ, ಸರಕು ನೋಡಿ ನಾವೇ ತಿಳಿಸುತ್ತೇವೆ’ ಎಂಬುದಕ್ಕಿಂತ ಹೆಚ್ಚಿನದನ್ನು ಅದು ಹೇಳದಿರಲಿ. ಆರ್ಡರ್ ಸಂಖ್ಯೆ, ಮೊತ್ತ, ಎತ್ತುವವರಿರುವ ಫೋನ್ ನಂಬರು ಅದರಲ್ಲಿರಲಿ. 2020ರ ಇ-ಕಾಮರ್ಸ್ ನಿಯಮಗಳು ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೇಳುತ್ತವೆ. ಆ ನಂಬರು ಅದಕ್ಕೂ ಒದಗುತ್ತದೆ. ಯಾವ ದಿನ ಕಳಿಸುತ್ತೇವೆ, ಯಾವ ಛಾಯೆಯ ಕಲ್ಲು ಸಿಕ್ಕೀತು ಎಂಬುದನ್ನು ಸರಕು ಕಂಡವರೇ ಫೋನಿನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಹೇಳಲಿ. ಕಿಲೋ ಲೆಕ್ಕದಲ್ಲಿ ಪ್ಯಾಕ್ ಮಾಡಿಟ್ಟ ಬೇಳೆಗೆ ಈ ಎರಡನೇ ಹೆಜ್ಜೆ ಬೇಕಾಗದೇ ಹೋಗಬಹುದು. ಫರಸಿಗೂ, ಹೇಳಿದ ಮೇಲೆ ಬಡಿಯುವ ರೊಟ್ಟಿಗೂ ಸದ್ಯ ಅದನ್ನು ಬಿಡುವಂತೆ ಕಾಣುವುದಿಲ್ಲ.